ಮುಳ್ಳು ಕಡಿಯೋಕೆ ಯಾರೂ ದುಡ್ಡು ಕೊಡಲ್ಲ

ನಿನ್ನೆ ಅಮೆರಿಕದ ಸಿಯಾಟಲ್ ಹತ್ತಿರದ ಇಸಾಕ್ವಾದಲ್ಲಿ, ಸಾಲ್ಮನ್ ಮೀನಿನ ಹೆಸರಲ್ಲಿ ನಡೆಯುವ ಸಾಲ್ಮನ್ ಡೇಸ್ ಹಬ್ಬದಲ್ಲಿ, ತೊರೆಗಳ ದಡದಲ್ಲಿ ಗಿಡ ನೆಡುವ ನಮ್ಮ ಗುಂಪಿನ ಮೇಜಿನ ಹಿಂದೆ ದಿನವಿಡೀ ನಿಂತಿದ್ದೆ. ಗಂಟಲು ಕಟ್ಟಿದೆ, ತಲೆಯೂ ಕೆಟ್ಟಿದೆ. ಬೈಯೋದು ಬೇಡ ಅನ್ನುವವರು ಇಲ್ಲಿಂದಲೇ ಮುಂದಕ್ಕೆ ಹೋಗಿ.

ಎರಡು ಡಬ್ಬಿ ಇಟ್ಟಿದ್ದೆವು. ಒಂದು ಗಿಡ ನೆಡುವುದಕ್ಕೆ, ಇನ್ನೊಂದು ನೆಟ್ಟ ಗಿಡ ನೋಡಿಕೊಳ್ಳುವುದಕ್ಕೆ. ಮೊದಲನೆಯದು ಮಧ್ಯಾಹ್ನಕ್ಕೇ ತುಂಬಿತು. ಎರಡನೆಯದರಲ್ಲಿ ಸಂಜೆ ನೋಡಿದರೆ ಒಂದಿಷ್ಟು ಚಿಲ್ಲರೆ, ಜೊತೆಗೆ ಯಾರೋ ತುರುಕಿದ ಚಾಕೊಲೇಟ್ ಕಾಗದ.

ಸಸಿ ಜೊತೆ ತೆಗೆಸಿಕೊಂಡ ಫೋಟೋದಿಂದ ಸಾಲ್ಮನ್‌ಗೆ ಏನು ಸಿಗುತ್ತದೆ ಹೇಳಿ? ಅದಕ್ಕೆ ಬೇಕಾಗಿರುವುದು ತಣ್ಣಗಿನ ನೀರು. ಅಂದರೆ ದಡದಲ್ಲಿ ನೆರಳು. ಬೇರುಗಳು ಮಣ್ಣು ಹಿಡಿದಿರಬೇಕು, ಇಲ್ಲದಿದ್ದರೆ ಹೂಳು ಬಂದು ಜಲ್ಲಿಕಲ್ಲಿನ ಸಂದಿಯಲ್ಲಿರುವ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಹಳೇ ಮರ ತೊರೆಗೆ ಅಡ್ಡ ಬಿದ್ದರೂ ಲಾಭವೇ. ಅದರ ಪಕ್ಕ ಆಳದ ಗುಂಡಿಯಾಗುತ್ತದೆ, ಕೋಹೋ ಅನ್ನುವ ಜಾತಿಯ ಸಾಲ್ಮನ್ ಮರಿಗಳು ಸಮುದ್ರಕ್ಕೆ ಹೋಗುವ ಮುಂಚೆ ವರ್ಷದ ಮೇಲೆ ಇಂಥ ಕಡೆಯೇ ಬೆಳೆಯುತ್ತವೆ. ಇಷ್ಟಾಗಬೇಕಾದರೆ ಸಸಿ ಮೊದಲು ಬದುಕಬೇಕಲ್ವಾ? ಇಲ್ಲಿ ಜುಲೈ, ಆಗಸ್ಟ್‌ನಲ್ಲಿ ಮಳೆಯೇ ಅಪರೂಪ. ಹಿಮಾಲಯನ್ ಬ್ಲ್ಯಾಕ್‌ಬೆರಿ ಮುಳ್ಳು ನೋಡನೋಡುತ್ತಲೇ ಸಸಿಯ ಮೇಲೆ ಹತ್ತಿ ಕೂರುತ್ತದೆ. ಮೂರ್ನಾಲ್ಕು ವರ್ಷ ನೀರು ಹಾಕಿ ಮುಳ್ಳು ಕಡಿಯದಿದ್ದರೆ, ನೆಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಇದೆಲ್ಲ ಸರ್ಕಾರ ಮಾಡಬೇಕು, ನಾವು ಟ್ಯಾಕ್ಸ್ ಕಟ್ಟಲ್ವಾ?" ಅಂದರು ಒಬ್ಬರು, ನಮ್ಮ ಕನ್ನಡದವರೇ. ಮಾಡುತ್ತಿದೆ ಸಾರ್. ಅದೂ ತಾನಾಗಿ ಅಲ್ಲ. ಇಲ್ಲಿನ ಮೂಲನಿವಾಸಿಗಳ 21 ಬುಡಕಟ್ಟುಗಳು ಕೋರ್ಟಿಗೆ ಎಳೆದು, 2018ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಆದೇಶ ಉಳಿದ ಮೇಲೆ, ರಸ್ತೆಯಡಿಯ, ಮೀನು ದಾಟಲಾಗದ ಮೋರಿಗಳನ್ನು ವಾಷಿಂಗ್ಟನ್ ರಾಜ್ಯ ಒಡೆದು ಕಟ್ಟಿಸುತ್ತಿದೆ. ಆದರೆ ಆ ಆದೇಶ ರಾಜ್ಯದ ಮೋರಿಗಳಿಗೆ ಮಾತ್ರ. ಕೌಂಟಿ (ಜಿಲ್ಲಾಡಳಿತದ) ರಸ್ತೆಯದ್ದು, ನಿಮ್ಮ ಹಿತ್ತಲಿನ ದಡದ್ದು ಅದರಲ್ಲಿ ಬರುವುದಿಲ್ಲ. ಅಲ್ಲಿ ಮುಳ್ಳು ಕಡಿಯೋಕೆ ಗವರ್ನರ್ ಬರ್ತಾರಾ?

ಅವರು ಎಲೆಕ್ಟ್ರಿಕ್ ಕಾರಿನ ಬಗ್ಗೆಯೂ ಹೇಳಿದರು, ಹೊಗೆ ಇಲ್ಲವಂತೆ. ಟೈರ್ ಇದೆಯಲ್ಲ! ಟೈರ್ ಸವೆದು ಮಳೆನೀರಿನ ಜೊತೆ ತೊರೆಗೆ ಹೋಗುವ ಒಂದು ರಾಸಾಯನಿಕವೇ ಕೋಹೋಗಳನ್ನು ಮೊಟ್ಟೆ ಇಡುವ ಮೊದಲೇ ಕೊಲ್ಲುತ್ತದೆ ಅಂತ ಇಲ್ಲಿನ ವಿಜ್ಞಾನಿಗಳೇ 2020ರಲ್ಲಿ ಪತ್ತೆ ಮಾಡಿದ್ದು. ನಾನೂ ಕಾರಲ್ಲೇ ಓಡಾಡುತ್ತೇನೆ, ಬಿಡಿ.

ನಾನೇನೂ ಮೀನಿನ ಭಕ್ತೆಯಲ್ಲ. ಅಲಾಸ್ಕಾ ಸಾಲ್ಮನ್ ತಂದು ಪುಳಿಮುಂಚಿ ಮಾಡಿ ತಿನ್ನುವವಳು, ನಿಮಗೆ ಗೊತ್ತೇ ಇದೆ. ಆದರೆ ಇಲ್ಲಿನ ಕಡಲ ಕೊಲ್ಲಿ ಪ್ಯೂಜೆಟ್ ಸೌಂಡಿನ ಚಿನೂಕ್ ಜಾತಿಯ ಸಾಲ್ಮನ್ 1999ರಿಂದ ಅಪಾಯದ ಪಟ್ಟಿಯಲ್ಲಿದೆ. ನೆಡುವವರಿಗೆ ಇಲ್ಲಿ ಯಾವತ್ತೂ ಬರ ಇಲ್ಲ, ನೆಟ್ಟು ಮರೆಯುವವರಿಗೂ.

ನಿಮ್ಮ ಕಂಪನಿಯಲ್ಲಿ ಮ್ಯಾಚಿಂಗ್ (ನೀವು ಕೊಟ್ಟ ದೇಣಿಗೆಗೆ ಕಂಪನಿಯೂ ತನ್ನ ಪಾಲು ಸೇರಿಸುವುದು) ಇದ್ದರೆ ಆ ಫಾರಂ ತುಂಬಿ, ಜಾಸ್ತಿ ಹೊತ್ತು ಹಿಡಿಯಲ್ಲ. ಹಣ ಎರಡನೇ ಡಬ್ಬಿಗೆ ಅಂತ ಬರೆಯಿರಿ. ದುಡ್ಡು ಆಗಲ್ಲ ಅನ್ನುವವರು ಶನಿವಾರ ಬನ್ನಿ, ಕತ್ತರಿ, ಗ್ಲೌಸ್ ನಾವೇ ಕೊಡುತ್ತೇವೆ. ಸೆಲ್ಫಿಗೆ ಮಾತ್ರ ಬರುವವರು ದಯವಿಟ್ಟು ಮನೆಯಲ್ಲೇ ಇರಿ.