ಅಷ್ಟದಿಕ್ಪಾಲಕರ ಕೋಚಿಂಗ್ ಕ್ಲಾಸು

ವಿಜಯನಗರದಿಂದ ಮಾರತ್ತಹಳ್ಳಿವರೆಗೆ ಯಾವ ಲೈಟುಕಂಬ ನೋಡಿದರೂ ಪಿಜಿ ಚೀಟಿಯ ಪಕ್ಕದಲ್ಲಿ ಅದೇ ಭರವಸೆ: ‘30 ದಿನದಲ್ಲಿ ಇಂಗ್ಲಿಷ್, ಗ್ಯಾರಂಟಿ.’ ಯಾವುದರ ಗ್ಯಾರಂಟಿ ಅಂತ ಮಾತ್ರ ಕೇಳಬೇಡಿ.

ಮೊದಲ ವಾರ ಪೂರ್ತಿ ಪಾರ್ಟ್ಸ್ ಆಫ್ ಸ್ಪೀಚ್. ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಈ ಅಷ್ಟದಿಕ್ಪಾಲಕರನ್ನು ಒಂದೇ ಉಸಿರಿಗೆ ಜಪಿಸಿದವನಿಗೆ ಲೆವೆಲ್ ಒನ್ ಸರ್ಟಿಫಿಕೇಟು. ಅದನ್ನು ಹಿಡಿದು ಹೊರಬಂದವನು ಗೆಳೆಯನಿಗೆ ‘ಡಿಡ್ ಯು ವೆಂಟ್?’ ಅಂದರೆ ಅದು ಲೆವೆಲ್ ಟೂ ವಿಷಯ, ಫೀಸು ಬೇರೆ. ಗೋಡೆಯ ಮೇಲೆ ಇನ್ನೊಂದು ಬೋರ್ಡು: ‘ಕನ್ನಡ ಮಾತಾಡಿದರೆ ₹10 ದಂಡ.’

ತಮಾಷೆ ಇರುವುದೇ ಇಲ್ಲಿ. ‘ಡಿಡ್ ಯು ವೆಂಟ್’ ರೋಗಕ್ಕೆ ಮದ್ದು ಕನ್ನಡದಲ್ಲಿದೆ. ‘ಹೋದೆಯಾ’ ಎಂಬ ಒಂದೇ ಪದದಲ್ಲಿ ಕಾಲವೂ ಇದೆ, ಪ್ರಶ್ನೆಯೂ ಇದೆ. ಇಂಗ್ಲಿಷಿನಲ್ಲಿ ಪ್ರಶ್ನೆಗೆ ‘ಡಿಡ್’ ಬಂದರೆ ಭೂತಕಾಲವನ್ನು ಅದೇ ಹೊತ್ತುಕೊಳ್ಳುತ್ತದೆ; ಮುಂದಿನ ಕ್ರಿಯಾಪದ ‘ಗೋ’ ಆಗಿಯೇ ಉಳಿಯಬೇಕು. ‘ಡಿಡ್ ನಾಟ್’ ಇದ್ದಾಗಲೂ ಅಷ್ಟೇ. ಭೂತ ಬರುವುದು ಒಬ್ಬರ ಮೈಮೇಲೆ ಮಾತ್ರ. ಐದು ನಿಮಿಷದ ಪಾಠ, ಆದರೆ ಹೇಳಿದ ಮೇಷ್ಟ್ರಿಗೇ ಹತ್ತು ರೂಪಾಯಿ ದಂಡ.

‘ಅ’ ಮತ್ತು ‘ಆನ್’ ಕಥೆಯೂ ಇದೇ. ಎ, ಇ, ಐ, ಓ, ಯು ಅಕ್ಷರಗಳ ಮುಂದೆ ‘ಆನ್’ ಎಂದು ಬಾಯಿಪಾಠ ಮಾಡಿದವನು ‘ಆನ್ ಯೂನಿವರ್ಸಿಟಿ’ ಸೇರುತ್ತಾನೆ, ‘ಅ ಎಂಎಲ್‌ಎ’ಗೆ ನಮಸ್ಕಾರ ಹಾಕುತ್ತಾನೆ. ಕಿವಿಗೆ ಬಿಡಬೇಕಾದ ಕೆಲಸವನ್ನು ಕಣ್ಣಿಗೆ ವಹಿಸಿದರೆ ಆಗುವ ಎಡವಟ್ಟಿದು. ಪದವನ್ನು ಕನ್ನಡದಲ್ಲಿ ಬರೆದು ನೋಡಿ: ‘ಯೂನಿವರ್ಸಿಟಿ’ ವ್ಯಂಜನದಿಂದ ಶುರು, ‘ಅ’ ಸಾಕು. ‘ಎಂಎಲ್‌ಎ’, ‘ಅವರ್’, ‘ಆನೆಸ್ಟ್’ ಸ್ವರದಿಂದ ಶುರು, ‘ಆನ್’ ಬೇಕು. ಒಂದೇ ಎಚ್ಚರ: ‘ಒನ್’ ಎಂದು ಬರೆದರೂ ಉಚ್ಚಾರ ‘ವನ್’, ಹಾಗಾಗಿ ‘ಅ ಒನ್‌ವೇ’. ‘ಆನ್ ಆನೆಸ್ಟ್ ಎಂಎಲ್‌ಎ’ ಎಂಬುದಕ್ಕೆ ವ್ಯಾಕರಣದ ತಕರಾರೇನಿಲ್ಲ.

ಶಾಲೆಗಳೂ ಹಿಂದೆ ಬಿದ್ದಿಲ್ಲ. ವಾಕ್ಯವೇ ಇಲ್ಲದೆ ‘ರೌಂಡ್’ ಎಂಬ ಒಂಟಿ ಪದ ಕೊಟ್ಟು, ಯಾವ ಪಾರ್ಟ್ ಆಫ್ ಸ್ಪೀಚ್ ಹೇಳು, ಒಂದು ಮಾರ್ಕು. ‘ರೌಂಡ್ ಟೇಬಲ್’ನಲ್ಲಿ ಅದು ಅಡ್ಜೆಕ್ಟಿವ್, ‘ಸೆಕೆಂಡ್ ರೌಂಡ್’ನಲ್ಲಿ ನೌನ್, ‘ರೌಂಡ್ ದ ಕಾರ್ನರ್’ನಲ್ಲಿ ಪ್ರಿಪೊಸಿಷನ್, ‘ಟರ್ನ್ ರೌಂಡ್’ನಲ್ಲಿ ಅಡ್ವರ್ಬ್, ಲೆಕ್ಕವನ್ನು ‘ರೌಂಡ್ ಆಫ್’ ಮಾಡಿದರೆ ವರ್ಬ್. ಐದನ್ನೂ ಬರೆದ ಮಗುವಿಗೆ ಸೊನ್ನೆ. ಕೀ ಆನ್ಸರ್‌ನಲ್ಲಿ ಇರುವುದು ಒಂದೇ.

ಕೊನೆಯ ವಾರ ಇಂಟರ್ಜೆಕ್ಷನ್. ವಿದ್ಯಾರ್ಥಿಗಳು ಸಾಲಾಗಿ ಎದ್ದು ನಿಂತು ‘ಹುರ್ರಾ!’, ‘ಅಲಾಸ್!’ ಎಂದು ಕೂಗಬೇಕು. ಕಣ್ಣೆದುರೇ ಬಿಎಂಟಿಸಿ ಬಸ್ಸು ತಪ್ಪಿಸಿಕೊಂಡು ‘ಅಲಾಸ್’ ಎಂದವರನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನು ಈವರೆಗೆ ಕಂಡಿಲ್ಲ. ಅಲ್ಲಿ ಬಾಯಿಗೆ ಬರುವುದು ‘ಅಯ್ಯೋ’. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2016ರಲ್ಲೇ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಕ್ಲಾಸಿನಲ್ಲಿ ಮಾತ್ರ ‘ಅಯ್ಯೋ’ ಅಂದವರು ಇವತ್ತಿಗೂ ಹತ್ತು ರೂಪಾಯಿ ಕಕ್ಕಬೇಕು, ಚಿಲ್ಲರೆ ಇಲ್ಲದಿದ್ದರೆ ಫೋನ್‌ಪೇ ನಡೆಯುತ್ತದೆ.