ಮೂವರು ಹಲ್ಲಿನ ಡಾಕ್ಟರು, ಒಂದು ಮರದ ಮೊಳೆ

ನಾನು ಗಾಲ್ಫ್ ಆಡುತ್ತೇನೆ ಅಂದರೆ ಮನೆಯವಳು ನಗುತ್ತಾಳೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಭಾನುವಾರ ಬೆಳಿಗ್ಗೆ ನಾನು ಮಾಡಿಕೊಂಡು ಬರುವ ಕೆಲಸಕ್ಕೆ ಅವಳು ಇಟ್ಟಿರುವ ಹೆಸರು ‘ಕಳೆ ಕೀಳೋದು’. ತಪ್ಪೇನಿಲ್ಲ. ನಾನು ಬೀಸಿದರೆ ಹುಲ್ಲು ಹಾರುತ್ತದೆ, ಚೆಂಡು ಅಲ್ಲೇ ಪಕ್ಕಕ್ಕೆ ಉರುಳುತ್ತದೆ, ಅದರ ಕೆಳಗಿನ ಟೀ ಎರಡು ತುಂಡಾಗುತ್ತದೆ. ಟೀ ಅಂದರೆ ಕುಡಿಯೋದಲ್ಲ. ಚೆಂಡು ಕೂರಿಸೋಕೆ ನೆಲಕ್ಕೆ ಚುಚ್ಚುವ ಬೆರಳುದ್ದದ ಮರದ ಮೊಳೆ.

ಈ ಮೊಳೆಗೆ 1899ರ ಡಿಸೆಂಬರಿನಲ್ಲಿ ಪೇಟೆಂಟ್ ತೆಗೆದುಕೊಂಡವರು ಬಾಸ್ಟನ್ನಿನ ಹಲ್ಲಿನ ಡಾಕ್ಟರು ಜಾರ್ಜ್ ಗ್ರ್ಯಾಂಟ್. ಕಪ್ಪು ಜನಾಂಗದವರು, ಹಾರ್ವರ್ಡ್‌ನಲ್ಲಿ ಪಾಠ ಮಾಡಿದವರು. ಅಲ್ಲಿಯವರೆಗೆ ದೊಡ್ಡ ದೊಡ್ಡ ಸಾಹೇಬರು ಒದ್ದೆ ಮರಳಿನ ಗುಪ್ಪೆ ಮಾಡಿ, ಅದರ ಮೇಲೆ ಚೆಂಡು ಇಟ್ಟು, ಕೈ ಒರೆಸಿಕೊಂಡು ಹೊಡೆಯುತ್ತಿದ್ದರು. ಗ್ರ್ಯಾಂಟ್ ತಮ್ಮ ಮೊಳೆಯನ್ನು ಮಾರಲೇ ಇಲ್ಲ, ಗೆಳೆಯರಿಗೆ ಸುಮ್ನೆ ಹಂಚಿಬಿಟ್ಟರು. 1920ರ ದಶಕದಲ್ಲಿ ನ್ಯೂಜೆರ್ಸಿಯ ಇನ್ನೊಬ್ಬ ಹಲ್ಲಿನ ಡಾಕ್ಟರು, ಬಿಳಿಯರು, ತಾವೊಂದು ಮೊಳೆ ಮಾಡಿ ಕೆಂಪು ಬಣ್ಣ ಹಚ್ಚಿ ಮಾರಿದರು. ಹೆಸರೂ ಅವರದೇ ಆಯಿತು. ಗ್ರ್ಯಾಂಟ್ ಅವರ ಪಾಲನ್ನು ಅಮೆರಿಕದ ಗಾಲ್ಫ್ ಸಂಘ ಒಪ್ಪಿಕೊಂಡದ್ದು 1991ರಲ್ಲಿ. ಬರೀ 92 ವರ್ಷ. ಈ ಆಟದಲ್ಲಿ ಆಟಗಾರರ ಹಿಂದೆ ಅಂಪೈರ್ ಓಡಾಡುವುದಿಲ್ಲ, ಇದು ಸಭ್ಯರ ಆಟ, ತಪ್ಪಾದರೆ ಅವರವರೇ ಒಪ್ಪಿಕೊಂಡು ದಂಡವಾಗಿ ತಮ್ಮ ಲೆಕ್ಕಕ್ಕೆ ಒಂದು ಹೊಡೆತ ಸೇರಿಸಿಕೊಳ್ಳುತ್ತಾರೆ ಅಂತ ನನಗೆ ಕಲಿಸಿದವರು ಹೇಳಿದ್ದರು. ಎಷ್ಟು ಬೇಗ ಒಪ್ಪಿಕೊಳ್ಳಬೇಕು ಅಂತ ಹೇಳಿರಲಿಲ್ಲ.

ಮೂರನೆಯ ಹಲ್ಲಿನ ಡಾಕ್ಟರು ನಮ್ಮ ನಾರ್ತ್ ಕ್ಯಾರೊಲೈನಾದವರೇ. ಗ್ರೀನ್ಸ್‌ಬರೊ ಊರಿನ ಜಾರ್ಜ್ ಸಿಮ್ಕಿನ್ಸ್. ಆಗ ಆ ಊರಿನಲ್ಲಿ ನಗರಸಭೆಯ ಎರಡು ಗಾಲ್ಫ್ ಮೈದಾನ ಇದ್ದವು. ಬಿಳಿಯರಿಗೆ ಗಿಲೆಸ್ಪಿ ಪಾರ್ಕ್. ಕಪ್ಪು ಜನರಿಗೆ ನೋಕೊ ಪಾರ್ಕ್, ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದ ಪಕ್ಕದಲ್ಲೇ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡೋಕೆ ಹುಲ್ಲು ಕಿತ್ತು ಹಾರಿಸುವ ತೊಂದರೆ ಅಲ್ಲಿ ಇರಲಿಲ್ಲ.

1955ರ ಡಿಸೆಂಬರ್ 7ರಂದು ಸಿಮ್ಕಿನ್ಸ್ ಐವರು ಗೆಳೆಯರ ಜೊತೆ ಗಿಲೆಸ್ಪಿಗೆ ಹೋದರು. ಆಟದ ಫೀಸು ತಲಾ 75 ಸೆಂಟ್. ‘ಇದು ಖಾಸಗಿ ಕ್ಲಬ್, ಮೆಂಬರುಗಳಿಗೆ ಮಾತ್ರ’ ಅಂತ ಉತ್ತರ ಬಂತು. ದುಡ್ಡನ್ನು ಅಲ್ಲೇ ಇಟ್ಟು ಆಡಲು ಹೊರಟರು. ಸಂಜೆ ಪೊಲೀಸರು ಬಂದು ಹಿಡಿದರು. ಅಪರಾಧ: ಅತಿಕ್ರಮ ಪ್ರವೇಶ.

ಮೈದಾನವೇನೋ ಊರಿನದು, ಸರ್ಕಾರದ ದುಡ್ಡಿನಲ್ಲಿ ಆದದ್ದು. ಆದರೆ ನಗರದವರು ಜಾಣರು. ಅದನ್ನು ಒಂದು ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟು ‘ಖಾಸಗಿ’ ಮಾಡಿಬಿಟ್ಟಿದ್ದರು. ವರ್ಷದ ಬಾಡಿಗೆ ಒಂದು ಡಾಲರ್. ಈಗ ಸ್ವಲ್ಪ ಲೆಕ್ಕ ಹಾಕಿ. ಆರು ಜನರ ಫೀಸು ನಾಲ್ಕೂವರೆ ಡಾಲರ್. ಅಂದರೆ ಇಡೀ ಮೈದಾನದ ನಾಲ್ಕೂವರೆ ವರ್ಷದ ಬಾಡಿಗೆಯನ್ನು ಕೌಂಟರಿನ ಮೇಲೆ ಎಣಿಸಿ ಇಟ್ಟವರು ಅತಿಕ್ರಮಣಕಾರರು! ಮೆಂಬರ್ ಅಲ್ಲದ ಬಿಳಿಯರು ಫೀಸು ಕೊಟ್ಟು ಆರಾಮಾಗಿ ಆಡಿಕೊಂಡು ಹೋಗುತ್ತಿದ್ದರು. ಮೆಂಬರ್‌ಶಿಪ್ ಕಾರ್ಡು ಅವರ ಮುಖದಲ್ಲೇ ಇತ್ತಲ್ವಾ.

ಆರು ಜನರಿಗೂ 30 ದಿನ ಜೈಲು ಎಂದಿತು ರಾಜ್ಯದ ಕೋರ್ಟು. ಇನ್ನೊಂದು ಕಡೆ ಫೆಡರಲ್ ಕೋರ್ಟು, ಅಂದರೆ ಕೇಂದ್ರದ ಕೋರ್ಟು, ಎಲ್ಲರನ್ನೂ ಆಡಲು ಬಿಡಿ ಎಂದಿತು. ಆ ಆದೇಶ ಜಾರಿಗೆ ಬರುವ ಮುಂಚೆ ಕ್ಲಬ್ಬಿನ ಕಟ್ಟಡಕ್ಕೆ ಬೆಂಕಿ ಬಿತ್ತು. ಕಟ್ಟಡವೇ ಇಲ್ಲ, ಇನ್ನು ಆಟ ಎಲ್ಲಿ ಅಂತ ನಗರದವರು ಮೈದಾನ ಮುಚ್ಚಿದರು. ಕೊಳಚೆ ಪಕ್ಕದ್ದನ್ನೂ ಮುಚ್ಚಿದರು. ನೆರೆಯವನ ಎರಡೂ ಕಣ್ಣು ಹೋಗಲಿ ಅಂತ ತನ್ನ ಒಂದು ಕಣ್ಣು ಕಿತ್ತುಕೊಂಡವನ ಕಥೆ ನೆನಪಿರಬೇಕಲ್ಲ? ಆ ಜೈಲು ಶಿಕ್ಷೆ ಸುಪ್ರೀಂ ಕೋರ್ಟಿನಲ್ಲೂ 5-4ರಲ್ಲಿ ಉಳಿಯಿತು. ಕೊನೆಗೆ ರಾಜ್ಯಪಾಲರು ಅದನ್ನು ದಂಡಕ್ಕೆ ಇಳಿಸಿದರು. ಗಿಲೆಸ್ಪಿ ಮತ್ತೆ ತೆರೆದದ್ದು 1962ರ ಡಿಸೆಂಬರಿನಲ್ಲಿ. ಮೊದಲ ಚೆಂಡು ಹೊಡೆದವರು ಡಾಕ್ಟರ್ ಸಿಮ್ಕಿನ್ಸ್. ಒಂದು ಆಟಕ್ಕೆ ಏಳು ವರ್ಷ ಕಾದಿದ್ದರು.

ವೃತ್ತಿಪರ ಗಾಲ್ಫ್ ಆಟಗಾರರ ಸಂಘ ಪಿಜಿಎ ಇಷ್ಟು ಸುತ್ತಿ ಬಳಸುವ ಗೋಜಿಗೆ ಹೋಗಿರಲಿಲ್ಲ. ‘ಕಕೇಸಿಯನ್ ಜನಾಂಗದವರಿಗೆ ಮಾತ್ರ’, ಅಂದರೆ ಬಿಳಿಯರಿಗೆ ಮಾತ್ರ, ಅಂತ ನಿಯಮದಲ್ಲೇ ಬರೆದುಕೊಂಡಿತ್ತು, 1961ರವರೆಗೆ. ಅದಕ್ಕೂ ಮುಂಚೆ, 1952ರಲ್ಲಿ, ಫೀನಿಕ್ಸ್‌ನ ಪಂದ್ಯವೊಂದರಲ್ಲಿ ಗಾಲ್ಫ್ ಆಟಗಾರ ಚಾರ್ಲಿ ಸಿಫರ್ಡ್, ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಜೋ ಲೂಯಿಸ್ ಮತ್ತಿಬ್ಬರು ಕಪ್ಪು ಆಟಗಾರರಿಗೆ ಒಟ್ಟಿಗೆ ಆಡುವ ಅವಕಾಶ ಸಿಕ್ಕಿತು. ಮೊದಲನೆಯ ಗುಳಿಯ ಬಾವುಟ ಎತ್ತಿ ನೋಡಿದರೆ ಒಳಗೆ ಮನುಷ್ಯರ ಹೇಲು. ಯಾರೋ ಬೆಳಿಗ್ಗೆ ಬೇಗ ಎದ್ದು, ಮೈದಾನಕ್ಕೆ ನಡೆದು ಬಂದು, ಬಾವುಟ ತೆಗೆದು, ಸರಿಯಾಗಿ ಗುರಿ ಇಟ್ಟಿದ್ದಾರೆ. ನಾಲ್ಕೂಕಾಲು ಇಂಚು ಅಗಲದ ಗುಳಿ ಅದು. ನನಗೆ ಅದರೊಳಗೆ ಚೆಂಡು ಹಾಕೋಕೇ ಆಗುವುದಿಲ್ಲ. ಗುಳಿಯೊಳಗೆ ಕೂರಿಸುವ ಬೇರೆ ಕಪ್ ತರುವವರೆಗೆ ನಾಲ್ವರೂ ಸುಮಾರು ಒಂದು ಗಂಟೆ ನಿಂತು ಕಾದರು.

ಅದೆಲ್ಲ ಹಳೇ ಕಥೆ ಬಿಡಿ ಅನ್ನುತ್ತೀರಿ. 2018ರ ಏಪ್ರಿಲ್, ಪೆನ್ಸಿಲ್ವೇನಿಯಾದ ಗ್ರ್ಯಾಂಡ್‌ವ್ಯೂ ಗಾಲ್ಫ್ ಕ್ಲಬ್. ಐವರು ಕಪ್ಪು ಹೆಂಗಸರು ಆಡುತ್ತಿದ್ದಾರೆ. ಅತಿಕ್ರಮಣ ಅನ್ನೋ ಹಾಗಿಲ್ಲ, ಐವರೂ ಆ ಕ್ಲಬ್ಬಿನ ಮೆಂಬರುಗಳೇ. ಆದರೂ ಕ್ಲಬ್ಬಿನವರು ಪೊಲೀಸರಿಗೆ ಫೋನ್ ಮಾಡಿದರು. ದೂರು ಏನು ಗೊತ್ತಾ? ನಿಧಾನ ಆಡುತ್ತಾರೆ! ಪೊಲೀಸರು ಬಂದರು, ಮಾತಾಡಿದರು, ಕೇಸೇನೂ ಹಾಕದೆ ಹೋದರು. ಕ್ಲಬ್ ಆಮೇಲೆ ಕ್ಷಮೆ ಕೇಳಿತು.

ಈ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಭಯವಾಯಿತು. ನಿಧಾನ ಆಡೋದು ಅಪರಾಧವಾದರೆ ನನಗೆ ಜೀವಾವಧಿ. ನಾನು ಪೊದೆಯಲ್ಲಿ ಚೆಂಡು ಹುಡುಕಿ ಬರುವಷ್ಟರಲ್ಲಿ ಮನೆಯಲ್ಲಿ ಬೇಳೆ ಬೆಂದು, ಬಿಸಿಬೇಳೆ ಬಾತ್ ಆಗಿ, ಆರಿ ಗಟ್ಟಿಯಾಗಿರುತ್ತದೆ.

ಕಳೆದ ಭಾನುವಾರವೂ ಪೊದೆಯಲ್ಲೇ ಇದ್ದೆ. ಹಿಂದಿನ ಗುಂಪಿನ ನಾಲ್ವರು ಬಿಳಿಯರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಒಬ್ಬರು ಫೋನ್ ತೆಗೆದರು. ನನ್ನ ಎದೆ ಢವಢವ. ಅವರು ಟೈಮ್ ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡರು. ‘ಡಾಕ್ಟರಾ ನೀವು?’ ಅಂತ ಕೂಗಿ ಕೇಳಿದರು. ಇಲ್ಲಿ ಇಂಡಿಯಾದವರನ್ನು ಕಂಡರೆ ಮೊದಲು ಕೇಳೋದೇ ಇದು. ಅಲ್ಲ, ಕಂಪ್ಯೂಟರ್ ಕೆಲಸ ಎಂದೆ. ‘ಪರವಾಗಿಲ್ಲ, ನಿಧಾನವಾಗಿ ಹುಡುಕಿ’ ಎಂದರು.

ಹುಡುಕಿದೆ. ಮೂರು ಚೆಂಡು ಸಿಕ್ಕವು, ಒಂದೂ ನನ್ನದಲ್ಲ.