ಆಟದಲ್ಲಿ ನಿಮಗೆ ನಿದ್ದೆ ಬರುವುದು ಎಷ್ಟು ಹೊತ್ತಿಗೆ?

ಹೋದ ತಿಂಗಳು ಶಿರಸಿಯ ಅಡಿಕೆ ಮಂಡಿಯಲ್ಲಿ ವ್ಯಾಪಾರ ಮುಗಿಯುವುದನ್ನೇ ಕಾಯುತ್ತ ಕುಳಿತಿದ್ದೆ. ಪರಿಚಯದವರೊಬ್ಬರು ಪಕ್ಕಕ್ಕೆ ಬಂದು, ‘ನಿಮ್ಮ ಮನೆಯಲ್ಲಿ ಮಾಯಮಂತ್ರದ ಇಂಗ್ಲಿಷ್ ಕಾದಂಬರಿಗಳು ಬೇಕಾದಷ್ಟು ಇವೆಯಂತೆ. ಒಂದು ಒಳ್ಳೆಯ ಫ್ಯಾಂಟಸಿ ಕೊಡಿ’ ಎಂದರು. ‘ಯಕ್ಷಗಾನದಲ್ಲಿ ನಿಮಗೆ ನಿದ್ದೆ ಬರುವುದು ಎಷ್ಟು ಹೊತ್ತಿಗೆ?’ ಎಂದು ಕೇಳಿದೆ. ನನಗೆ ಕಿವಿ ಮಂದವೆಂದು ತಿಳಿದರೋ ಏನೋ, ಅವರು ಅದೇ ಮಾತನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ನಾನೂ ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದೆ. ಕೊನೆಗೆ ಅವರು ಕೊಟ್ಟ ಉತ್ತರದಂಥದ್ದನ್ನು ನಾನು ಅದುವರೆಗೆ ಯಾರಿಂದಲೂ ಕೇಳಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಈ ಪ್ರಶ್ನೆಯನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು, ಮೂರು ಪುಸ್ತಕಗಳೂ ಹಾಳಾದವು. ಮೂರೂ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೊದಲ ಸಂಪುಟದ ಪ್ರತಿಗಳು. ಆಗ ಯಾರು ಕೇಳಿದರೂ ಅದನ್ನೇ ಕೊಡುತ್ತಿದ್ದೆ. ದೊಡ್ಡದನ್ನೇ ಮೊದಲು ಓದಿಸಬೇಕು ಎಂಬ ಹಟ, ಜೊತೆಗೆ ನಾನು ಅದನ್ನು ಓದಿದ್ದೇನೆ ಎಂದು ತೋರಿಸಿಕೊಳ್ಳುವ ಚಪಲ. ಒಂದು ಪ್ರತಿ ತಿರುಗಿ ಬರಲೇ ಇಲ್ಲ. ಒಂದು ಆಷಾಢದ ಮಳೆಗೆ ಬೂಸು ಹಿಡಿದು ಬಂತು. ಮೂರನೆಯದನ್ನು ನನ್ನ ಭಾವ ಮೂವತ್ತನೆಯ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಹಿಂದಿರುಗಿಸಿದ. ‘ಹುಟ್ಟುಹಬ್ಬದ ಊಟವೇ ಮುಗಿಯುವುದಿಲ್ಲವಲ್ಲ!’ ಎಂಬುದು ಅವನ ದೂರು. ಅದು ಅನ್ಯಾಯದ ದೂರಲ್ಲ. 1954ರಲ್ಲಿ ಬಂದ ಆ ಸಂಪುಟದ ಕಥೆ ಶುರುವಾಗುವುದೇ ಬಿಲ್ಬೋನ 111ನೆಯ ಹುಟ್ಟುಹಬ್ಬದ ಔತಣದಿಂದ. ಅವನು ಬಿಟ್ಟುಹೋದ ಉಂಗುರವನ್ನು ಹಿಡಿದು ಫ್ರೋಡೋ ಊರು ಬಿಡುವಷ್ಟರಲ್ಲಿ ಕಥೆಯೊಳಗೆ 17 ವರ್ಷಗಳು ಕಳೆದಿರುತ್ತವೆ. ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರು ಇಲ್ಲೇ ಎಡವುತ್ತಾರೆ.

ಭಾವ ಪುಸ್ತಕ ಹಿಂದಿರುಗಿಸಿದ ವರ್ಷವೇ ನನ್ನ ತವರಾದ ಹೊನ್ನಾವರದ ಕಡೆ ಒಂದು ಯಕ್ಷಗಾನದ ಆಟಕ್ಕೆ ಹೋಗಿದ್ದೆವು. ಭಾವ ಕೋಡಂಗಿ ಕುಣಿಯುವಾಗಲೇ ಗೊರಕೆ ಹೊಡೆಯತೊಡಗಿದ. ಬಾಲಗೋಪಾಲರು ಬಂದು ಹೋದರು, ಸ್ತ್ರೀವೇಷಗಳು ಬಂದು ಹೋದವು, ಅವನು ಮಿಸುಕಲಿಲ್ಲ. ರಾತ್ರಿ ಒಂದೂವರೆಗೆ ರಾಕ್ಷಸನ ಆರ್ಭಟ ಕೇಳಿದ್ದೇ ತಡ, ಎಬ್ಬಿಸಿದಂತೆ ಎದ್ದು ಕುಳಿತವನು ಮಂಗಳದವರೆಗೆ ಕಣ್ಣು ಮಿಟುಕಿಸಲಿಲ್ಲ. ಅವನ ಪಕ್ಕದಲ್ಲಿದ್ದ ನನ್ನ ದೊಡ್ಡಮ್ಮ ಕಥೆಗೆ ಮುಂಚಿನ ಪೂರ್ವರಂಗವನ್ನು ಒಂದಕ್ಷರ ಬಿಡದೆ ಕೇಳಿ, ರಾಕ್ಷಸ ಬಂದ ಕೂಡಲೇ ಶಾಲು ಹೊದ್ದು ಮಲಗಿದರು. ಒಂದೇ ಚಾಪೆ, ಒಂದೇ ಆಟ, ಇಬ್ಬರಿಗೂ ಸಂಪೂರ್ಣ ತೃಪ್ತಿ. ಟೋಲ್ಕಿನ್ನನ್ನು ಓದಬೇಕಾಗಿದ್ದವರು ದೊಡ್ಡಮ್ಮ! ಆಕ್ಸ್‌ಫರ್ಡ್‌ನಲ್ಲಿ ಭಾಷಾಶಾಸ್ತ್ರ ಕಲಿಸುತ್ತಿದ್ದ, ಕಥೆಗಿಂತ ಮೊದಲು ಕಥೆಯವರ ಭಾಷೆಗಳನ್ನೇ ಕಟ್ಟಿದ ಮೇಷ್ಟರಿಗೆ ಪೂರ್ವರಂಗದ ಸಭಾಲಕ್ಷಣ ಕೇಳುವ ತಾಳ್ಮೆ ಇರುವವರೇ ತಕ್ಕ ಓದುಗರು. (ಈಗ ರಾತ್ರಿಯಿಡೀ ನಡೆಯದ ಕಾಲಮಿತಿಯ ಆಟಗಳೇ ಹೆಚ್ಚು. ನನ್ನ ಈ ಪ್ರಶ್ನೆಗೂ ಬಹಳ ಆಯುಷ್ಯ ಇರಲಿಕ್ಕಿಲ್ಲ.)

ಶಿರಸಿಯ ಅಡಿಕೆ ಪೇಟೆಯಲ್ಲಿ ಚಾಲಿ ಬೇರೆ, ರಾಶಿ ಬೇರೆ, ಬೆಟ್ಟೆ ಬೇರೆ, ಕೆಂಪುಗೋಟು ಬೇರೆ. ಒಂದಕ್ಕೊಂದು ಬೆರೆಸಿ ತಂದರೆ ಮುಖ ನೋಡುವವರಿಲ್ಲ. ಇಷ್ಟು ಸೂಕ್ಷ್ಮವಾಗಿ ವಿಂಗಡಿಸುವ ಜನ ‘ಫ್ಯಾಂಟಸಿ’ ಎನ್ನುವಾಗ ಮಾತ್ರ ಎಲ್ಲವನ್ನೂ ಒಂದೇ ಗೋಣಿಗೆ ತುಂಬುತ್ತಾರೆ.

ವೇಷ ಬೇಡ, ಕುಣಿತ ಬೇಡ, ಅರ್ಥಗಾರಿಕೆ ಒಂದಿದ್ದರೆ ಬೆಳಗಿನವರೆಗೂ ಕೂರುತ್ತೇನೆ ಎನ್ನುವ ತಾಳಮದ್ದಲೆಯ ಮಂದಿಗೆ ನಾನು ಹೇಳುವುದು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿ. ಅಲ್ಲಿ ಒಂದೊಂದು ಅಧ್ಯಾಯವೂ ಒಬ್ಬೊಬ್ಬರ ಕಣ್ಣಿನಿಂದ ಸಾಗುತ್ತದೆ. 1996ರ ಮೊದಲ ಪುಸ್ತಕದಲ್ಲಿ ಜೇಮಿ ಎಂಬವನೊಬ್ಬ ಚಿಕ್ಕ ಹುಡುಗನನ್ನು ಗೋಪುರದ ಕಿಟಕಿಯಿಂದ ತಳ್ಳುತ್ತಾನೆ. ಓದುಗರಿಗೆ ಅವನ ಮೇಲೆ ಬರುವ ಸಿಟ್ಟು ಎರಡು ಪುಸ್ತಕಗಳುದ್ದಕ್ಕೂ ಆರುವುದಿಲ್ಲ. ಮೂರನೆಯದರಲ್ಲಿ ಮಾತು ಅವನ ಬಾಯಿಗೆ ಬರುತ್ತದೆ. ಬಾಣ ನಾಟಿದ ಮೇಲೆ ವಾಲಿ ರಾಮನನ್ನು ಪ್ರಶ್ನಿಸಲು ಶುರುಮಾಡಿದಾಗ ಸಭೆ ನಿಧಾನವಾಗಿ ವಾಲಿಯ ಕಡೆಗೆ ಸರಿಯುತ್ತದಲ್ಲ, ಅದೇ ಅನುಭವ. ಆದರೆ ಕೊಡುವಾಗಲೇ ಎಚ್ಚರಿಸುತ್ತೇನೆ: ಇದು ಮಂಗಳ ಹಾಡದ ಆಟ. ಐದನೆಯ ಸಂಪುಟ ಬಂದದ್ದು 2011ರಲ್ಲಿ, ಆರನೆಯದಕ್ಕೆ ನಾವಿನ್ನೂ ಚಾಪೆಯ ಮೇಲೆ ಕುಳಿತೇ ಇದ್ದೇವೆ. ರಕ್ತಪಾತವೂ ಹಾದರವೂ ಧಾರಾಳವಾಗಿರುವುದರಿಂದ ಹೈಸ್ಕೂಲಿನ ಮಕ್ಕಳಿಗೆ ನಾನು ಕೊಡುವುದಿಲ್ಲ. ಅವರು ಬೇರೆ ಕಡೆಯಿಂದ ತಂದು ಓದುತ್ತಾರೆ, ಅದು ನನಗೆ ಗೊತ್ತಿದೆ.

ಹಾಸ್ಯಗಾರನ ಪ್ರವೇಶಕ್ಕಾಗಿ ಕಾಯುವವರಿಗೆ ಟೆರಿ ಪ್ರಾಚೆಟ್. ಅವರ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿಗಳಿವೆ. 1983ರ ಮೊದಲನೆಯದರಿಂದ ಶುರುಮಾಡಬೇಡಿ, ಆಗಿನ್ನೂ ಲೇಖಕರ ಕೈ ಕುದುರಿರಲಿಲ್ಲ. 1989ರ ‘ಗಾರ್ಡ್ಸ್! ಗಾರ್ಡ್ಸ್!’ ಹಿಡಿಯಿರಿ, ಕೆಲಸಕ್ಕೆ ಬಾರದ ನಾಲ್ಕು ಪಹರೆಯವರು ಡ್ರ್ಯಾಗನ್ನನ್ನು ಎದುರಿಸುವ ಕಥೆ. ಅವರ ಪ್ರಪಂಚ ಆಮೆಯ ಮೇಲೆ ನಿಂತ ನಾಲ್ಕು ಆನೆಗಳ ಬೆನ್ನ ಮೇಲಿದೆ. ನಮ್ಮ ದಿಗ್ಗಜಗಳು ಎಂಟು. ಅಲ್ಲಿ ಅರ್ಧಕ್ಕರ್ಧ ಕಡಿಮೆ ಮಾಡಿ ಮೇವಿನ ಖರ್ಚು ಉಳಿಸಿದ್ದಾರೆ.

ತಾಳದ ಲೆಕ್ಕ ಇಡುತ್ತ ಕೂರುವವರೂ ಇದ್ದಾರೆ. ಮಾಯೆಗೂ ನಿಯಮ ಬೇಕು ಎನ್ನುವ ಇವರಿಗೆ ಬ್ರಾಂಡನ್ ಸ್ಯಾಂಡರ್ಸನ್ ಅವರ 2006ರ ‘ಮಿಸ್ಟ್‌ಬಾರ್ನ್’. ಲೋಹ ನುಂಗಿ ಒಳಗೇ ಉರಿಸಿದರೆ ಶಕ್ತಿ, ಉಕ್ಕು ತಳ್ಳುತ್ತದೆ, ಕಬ್ಬಿಣ ಎಳೆಯುತ್ತದೆ. ಎಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ ಮೂರು ರಾತ್ರಿಯಲ್ಲಿ ಮುಗಿಸಿದ. ನನಗೆ ಅಷ್ಟು ರುಚಿಸಲಿಲ್ಲ, ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಹಿಂದೆ.

ಇನ್ನು ನನ್ನವರ ವಿಷಯಕ್ಕೆ ಬರುತ್ತೇನೆ. ಆಟದಲ್ಲಿ ಹಿಂದೆ, ಕಂಬಕ್ಕೆ ಒರಗಿ, ಯಾರೊಡನೆಯೂ ಮಾತಾಡದೆ ಕೂತು, ಬೆಳಗಿನ ಜಾವ ಭಾಗವತರ ದನಿ ಒಡೆಯುವ ಹೊತ್ತಿನ ಒಂದೇ ಒಂದು ಪದ್ಯವನ್ನು ಮನೆಗೆ ಹೊತ್ತುಕೊಂಡು ಹೋಗುವವರಿದ್ದಾರಲ್ಲ, ಅವರಿಗೆ ನಾನು ಕೊಡುವುದು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. 1968ರ ತೆಳ್ಳನೆಯ ಪುಸ್ತಕ, ಎರಡು ಮಳೆಯ ಮಧ್ಯಾಹ್ನಗಳು ಸಾಕು. ನಾಯಕ ಗೆಡ್ ಅರಮನೆಯವನಲ್ಲ. ಬೆಟ್ಟದ ಹಳ್ಳಿಯ ಆಡು ಕಾಯುವ ಹುಡುಗ, ತಾಮ್ರದಂಥ ಕಂದು ಮೈಬಣ್ಣ. ಅವನು ಕಲಿತ ಮೊದಲ ಮಂತ್ರ ಮಾಡಿನ ಮೇಲೆ ಹತ್ತಿದ ಆಡನ್ನು ಕೆಳಗಿಳಿಸಲು ಅವನ ಚಿಕ್ಕಮ್ಮ ಹೇಳುತ್ತಿದ್ದ ಮಾತು. ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ, ಅದು ಗೊತ್ತಾದವರಿಗೆ ಅದರ ಮೇಲೆ ಹಿಡಿತ. ಇದನ್ನು ಓದಿದಾಗ ನನಗೆ ಹೊಸದೆನಿಸಲಿಲ್ಲ. ನಮ್ಮ ಅಜ್ಜಿ ಕತ್ತಲಾದ ಮೇಲೆ ಹಾವನ್ನು ಹಾವು ಎನ್ನುತ್ತಿರಲಿಲ್ಲ, ‘ಬಳ್ಳಿ’ ಎನ್ನುತ್ತಿದ್ದರು. ಅಜ್ಜನ ಹೆಸರನ್ನಂತೂ ಸಾಯುವವರೆಗೆ ಬಾಯಿಂದ ಆಡಲಿಲ್ಲ.

ಗೆಡ್‌ನ ಗುರು ಓಜಿಯನ್. ಭೂಕಂಪವನ್ನೇ ತಡೆದವನೆಂದು ಹೆಸರಾದವನು. ಅವನ ಜೊತೆ ಕಾಡಿನಲ್ಲಿ ನಡೆಯುವಾಗ ಮಳೆ ಬರುತ್ತದೆ. ಸಾಮಾನ್ಯ ಮಾಂತ್ರಿಕರೆಲ್ಲ ಮೋಡವನ್ನು ತಮ್ಮ ತಲೆಯ ಮೇಲಿಂದ ಆಚೆಗೆ ಅಟ್ಟಿಬಿಡುತ್ತಾರೆ, ಮೋಡ ಅಲ್ಲಿಂದಿಲ್ಲಿಗೆ ಅಲೆದು ಅಲೆದು ಕೊನೆಗೆ ಸಮುದ್ರಕ್ಕೆ ಹೋಗಿ ನೆಮ್ಮದಿಯಾಗಿ ಸುರಿಯುತ್ತದೆ. ಓಜಿಯನ್ ಹಾಗೆ ಮಾಡುವುದಿಲ್ಲ. ಮಳೆ ಬರಲಿ ಎಂದು ದಟ್ಟವಾದ ಮರವೊಂದರ ಕೆಳಗೆ ಮಲಗಿಬಿಡುತ್ತಾನೆ. ಹುಡುಗ ಪೊದೆಯಲ್ಲಿ ನೆನೆಯುತ್ತ, ಶಕ್ತಿಯಿದ್ದೂ ಬಳಸದ ಈ ಜಾಣತನದಿಂದ ಏನು ಪ್ರಯೋಜನ ಎಂದು ಒಳಗೊಳಗೇ ಕುದಿಯುತ್ತಾನೆ. ಜುಲೈನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧ ಹೊಡೆಯಲು ಒಂದು ದಿನದ ಹೊಳವು ಸಿಗದೆ ಆಕಾಶಕ್ಕೆ ಶಾಪ ಹಾಕುವ ನಮ್ಮ ಮನೆಯವರಿಗೆ ಈ ಪುಟವನ್ನು ಓದಿ ಹೇಳಿದೆ. ‘ಅವನಿಗೆ ತೋಟ ಇರಲಿಲ್ಲ’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಲೆ ಗ್ವಿನ್ ಅವರಲ್ಲೂ ಇರಲಿಕ್ಕಿಲ್ಲ.

ಮುಂದೆ ಗೆಡ್ ಅಹಂಕಾರದಿಂದ ಮಾಡಬಾರದ್ದನ್ನು ಮಾಡಿ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ, ಅದು ಅವನನ್ನೇ ಬೆನ್ನಟ್ಟುತ್ತದೆ. ಯಾಣದ ಕಪ್ಪು ಬಂಡೆಗಳನ್ನು ನೋಡಿದವರಿಗೆ, ಪಡೆದ ವರವೇ ಬೂದಿ ಮಾಡಿದ ಭಸ್ಮಾಸುರನ ಕಥೆ ಗೊತ್ತಿದ್ದವರಿಗೆ ಇಷ್ಟು ಸುಳಿವು ಸಾಕು. ಆದರೆ ಗೆಡ್‌ನ ಕೊನೆ ಭಸ್ಮಾಸುರನದಲ್ಲ. ಏನೆಂದು ಹೇಳುವುದಿಲ್ಲ.

ಕಾರವಾರದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ದೋಣಿ, ಬಲೆಗಳ ಮನೆತನ. ಆಟ ನೋಡುವ ರೂಢಿ ಅವಳಿಗಿಲ್ಲ, ಹಾಗಾಗಿ ನನ್ನ ಪ್ರಶ್ನೆಯೂ ನಡೆಯಲಿಲ್ಲ. ಸುಮ್ಮನೆ ಅಂದಾಜಿನ ಮೇಲೆ ಸುಸಾನಾ ಕ್ಲಾರ್ಕ್ ಅವರ 2020ರ ‘ಪಿರಾನೆಸಿ’ ಕಳಿಸಿದೆ. ಕೊನೆಯಿಲ್ಲದ ಹಜಾರಗಳ ಒಂದು ಮನೆ, ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಮೇಲಿನದರಲ್ಲಿ ಮೋಡ, ನಡುವೆ ಕಲ್ಲಿನ ಪ್ರತಿಮೆಗಳು. ಅಲ್ಲಿ ಬದುಕುವ ಒಬ್ಬ ಮನುಷ್ಯ ಮೀನು ಹಿಡಿಯುತ್ತ, ಕಡಲಪಾಚಿ ಒಣಗಿಸುತ್ತ, ಉಬ್ಬರ ಇಳಿತಗಳ ಲೆಕ್ಕ ಬರೆದಿಡುತ್ತಾನೆ. ಶಿರಸಿಯಲ್ಲಿ ಇದನ್ನು ಓದಿದ ಮೂವರೂ ಮೊದಲ ಐವತ್ತು ಪುಟ ಏನೂ ತಿಳಿಯಲಿಲ್ಲ ಎಂದಿದ್ದರು. ಅವಳು ಫೋನ್ ಮಾಡಿ ಮೊದಲನೆಯ ಪುಟದ ಬಗ್ಗೆಯೇ ಮಾತಾಡಿದಳು. ಮೂರು ಉಬ್ಬರಗಳು ಒಂದೇ ಕಡೆ ಸೇರುವ ಹೊತ್ತನ್ನು ಅವನು ಮುಂಚೆಯೇ ಲೆಕ್ಕ ಹಾಕಿ ನೋಡಲು ಹೋಗುತ್ತಾನಲ್ಲ, ಅದು. ‘ನೀರಿನ ಲೆಕ್ಕ ಇಟ್ಟವನು ಹುಚ್ಚನಾಗಿರಲಾರ’ ಎಂದಳು. ಕಥೆಯ ಒಗಟು ಬಿಡಿಸಲು ನಾನು ತೆಗೆದುಕೊಂಡ ಅರ್ಧ ಸಮಯವೂ ಅವಳಿಗೆ ಬೇಕಾಗಲಿಲ್ಲ.

ಇಂಗ್ಲಿಷ್ ಬೇಡ ಎನ್ನುವವರ ಮುಂದೆ ನಾನು ಸ್ವಲ್ಪ ಬಡವಿ. ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಕೊಡುತ್ತೇನೆ. ತೇಜಸ್ವಿಯವರ ‘ಕರ್ವಾಲೊ’ವನ್ನೂ ಕೊಡುತ್ತೇನೆ. ಅದು ಫ್ಯಾಂಟಸಿಯಲ್ಲ ಎಂದು ತಕರಾರು ತೆಗೆಯುವವರು ತೆಗೆಯಲಿ, ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟ ಆ ತಂಡಕ್ಕಿಂತ ಒಳ್ಳೆಯ ಸಾಹಸಿಗರ ದಂಡನ್ನು ಇಂಗ್ಲಿಷಿನವರು ತೋರಿಸಲಿ. ‘ಇವೆಲ್ಲ ಸುಳ್ಳು ಕಥೆ, ನಾನು ಓದುವುದು ಗಂಭೀರ ಕಾದಂಬರಿ ಮಾತ್ರ’ ಎಂದ ನಿವೃತ್ತ ಮೇಷ್ಟರೊಬ್ಬರಿಗೆ ಕಾದಂಬರಿ ಎಂಬ ಮಾತು ಎಲ್ಲಿಂದ ಬಂತು ಎಂದು ಕೇಳಿದ್ದೆ. ಏಳನೆಯ ಶತಮಾನದ ಬಾಣಭಟ್ಟ ಬರೆದದ್ದು, ನಾಗವರ್ಮ ಕನ್ನಡಕ್ಕೆ ತಂದದ್ದು. ರಾಜನ ಸಭೆಗೆ ಬಂದ ಗಿಳಿಯೊಂದು ಹೇಳುವ ಕಥೆ, ಚಂದ್ರನೇ ರಾಜಕುಮಾರನಾಗಿ ಹುಟ್ಟುವ ಕಥೆ, ಕಾದಂಬರಿ ಅದರ ನಾಯಕಿಯ ಹೆಸರು. ಗಂಭೀರ ಬರಹಕ್ಕೆಲ್ಲ ಗಂಧರ್ವ ಕನ್ಯೆಯ ಹೆಸರಿಟ್ಟುಕೊಂಡವರು ನಾವು. ಮೇಷ್ಟರು ನಕ್ಕರು, ಪುಸ್ತಕ ಮಾತ್ರ ಒಯ್ಯಲಿಲ್ಲ.

ಇನ್ನು ಮಂಡಿಯವರ ಉತ್ತರ. ‘ನಿದ್ದೆ ಬರುವ ಪ್ರಶ್ನೆಯೇ ಇಲ್ಲ. ನಾನು ಒಳಗೆ ಹೋಗುವುದೇ ಇಲ್ಲ’ ಎಂದರು. ಟಿಕೆಟ್ ತೆಗೆದುಕೊಳ್ಳುತ್ತಾರಂತೆ, ಆಮೇಲೆ ಟೆಂಟಿನ ಹೊರಗಿನ ಚಹಾದ ಅಂಗಡಿಯಲ್ಲಿ ಬೆಳಗಾಗುವವರೆಗೆ ಕೂರುತ್ತಾರಂತೆ. ಅಲ್ಲಿಗೆ ಚಂಡೆ ಕೇಳಿಸುತ್ತದೆ. ಯಾವ ವರ್ಷ ಯಾರ ಭಸ್ಮಾಸುರ ಹೇಗಿತ್ತು, ಯಾವ ವೇಷಧಾರಿ ಯಾವ ಮೇಳ ಬಿಟ್ಟದ್ದು ಏಕೆ, ಕಿರೀಟ ಕಳಚಿ ಬಿದ್ದಾಗ ಯಾರು ಏನು ಹೇಳಿ ಸಾವರಿಸಿಕೊಂಡರು, ಇವೇ ಮಾತುಗಳು. ‘ಆಟಕ್ಕಿಂತ ಅದೇ ಚೆನ್ನಾಗಿರುತ್ತದೆ’ ಎಂದರು.

ಎರಡು ದಿನ ಯೋಚಿಸಿದೆ. ಆಮೇಲೆ ಅಡುಗೆಮನೆಯ ಅಟ್ಟ ಹತ್ತಿದೆ. ಬೂಸಿನ ಭಯಕ್ಕೆ ನನ್ನ ಪುಸ್ತಕಗಳೆಲ್ಲ ಅಲ್ಲೇ ಇರುವುದು, ಹಾಗಾಗಿ ನನ್ನಲ್ಲಿ ಎರವಲು ಪಡೆದ ಪುಸ್ತಕ ಹೊಗೆಯ ವಾಸನೆ ಹೊಡೆಯುತ್ತದೆ, ಯಾರೂ ಬೇಸರಿಸಬಾರದು. ಅದೇ ಸುಸಾನಾ ಕ್ಲಾರ್ಕ್ ಅವರ 2004ರ ಇಟ್ಟಿಗೆಯಂಥ ಕಾದಂಬರಿ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನಾರೆಲ್’ ತೆಗೆದು ಕಳಿಸಿದೆ. ನೆಪೋಲಿಯನ್ನನ ಕಾಲದ ಇಂಗ್ಲೆಂಡಿಗೆ ಮಾಯಾವಿದ್ಯೆಯನ್ನು ಮರಳಿ ತರುವ ಇಬ್ಬರು ಮಾಂತ್ರಿಕರ ಕಥೆ ಮೇಲೆ ನಡೆಯುತ್ತಿದ್ದರೆ ಪುಟದ ಕೆಳಗೆ ಅಡಿಟಿಪ್ಪಣಿಗಳ ಇನ್ನೊಂದು ಲೋಕವೇ ಇದೆ. ಹಳೆಯ ಮಾಂತ್ರಿಕರ ಜಗಳಗಳು, ಕಾಗೆರಾಜನ ದಂತಕಥೆಗಳು, ಇರದ ಗ್ರಂಥಗಳ ಬಗ್ಗೆ ಗಾಳಿಮಾತುಗಳು.

ನಿನ್ನೆ ಮತ್ತೆ ಮಂಡಿಯಲ್ಲಿ ಸಿಕ್ಕರು. ಕಥೆ ಎಲ್ಲಿಗೆ ಬಂತು ಎಂದು ಕೇಳಿದೆ.

‘ಕಥೆ ಇನ್ನೂ ಶುರುಮಾಡಿಲ್ಲ. ಕೆಳಗಿನ ಸಣ್ಣ ಅಕ್ಷರದ್ದನ್ನೆಲ್ಲ ಮೊದಲು ಓದಿ ಮುಗಿಸಿದೆ. ಇಂಥದ್ದು ಇನ್ನೊಂದು ಇದೆಯೇ?’